ಕೆಂಚನನ್ನು ಬರ್ಲಿನ್‌ಗೆ ಕರೆತಂದ ಲೆಕ್ಕ

ಕೆಂಚನ ಹೆಸರಲ್ಲಿ ನನ್ನ ಹತ್ತಿರ ಒಂದು ಲೆಕ್ಕದ ಪುಸ್ತಕ ಇದೆ. ಕೆಂಚ ನಮ್ಮ ನಾಯಿ. ಬೀದಿಯಿಂದ ಬಂದು ಗೇಟಿನ ಹತ್ತಿರ ಮಲಗಿದವನು, ಮೂರನೇ ದಿನಕ್ಕೆ ಒಳಗಿನ ಚಾಪೆ ಮೇಲಿದ್ದ. 18 ಕೆಜಿ ತೂಕ, ಕೆಂಪು ಮೈ, ಒಂದು ಕಿವಿ ಯಾವಾಗಲೂ ಅರ್ಧ ಮಡಚಿಕೊಂಡಿರುತ್ತದೆ. 2023ರಲ್ಲಿ ನನಗೆ ಬರ್ಲಿನ್‌ನಲ್ಲಿ ಕೆಲಸ ಸಿಕ್ಕಿದಾಗ ಅವನನ್ನೂ ಕರೆದುಕೊಂಡು ಹೋಗೋದು ಅಂತ ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ. ಖರ್ಚು ಎಷ್ಟಾಗುತ್ತೆ ಅಂತ ಅಮ್ಮ ಕೇಳಿದರು. ವಿಮಾನಕ್ಕೆ ಒಂದಿಷ್ಟು, ಆಮೇಲೆ ಊಟ, ವರ್ಷಕ್ಕೊಂದು ಇಂಜೆಕ್ಷನ್, ಇನ್ನೇನು ಅಂದೆ. ಆ 'ಇನ್ನೇನು' ಎಷ್ಟು ಉದ್ದ ಅಂತ ಪುಸ್ತಕ ನೋಡಿದರೆ ಗೊತ್ತಾಗುತ್ತದೆ.

ಮೊದಲ ಪುಟದಲ್ಲೇ ನನ್ನ ದೊಡ್ಡ ತಪ್ಪು ಇದೆ. ಐರೋಪ್ಯ ಒಕ್ಕೂಟದೊಳಗೆ ನಾಯಿ ಬರಬೇಕಾದರೆ ಮೊದಲು ಮೈಕ್ರೋಚಿಪ್ (ಚರ್ಮದ ಕೆಳಗೆ ಹಾಕುವ, ಗುರುತಿನ ನಂಬರಿರುವ ಸಣ್ಣ ಚಿಪ್), ಆಮೇಲೆ ರೇಬೀಸ್ ಲಸಿಕೆ. ಈ ಕ್ರಮ ತಪ್ಪುವ ಹಾಗಿಲ್ಲ. ಚಿಪ್‌ಗೆ ಮೊದಲು ಹಾಕಿಸಿದ ಲಸಿಕೆಗೆ ಅವರ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಯಾಕೆಂದರೆ ಆ ಲಸಿಕೆ ಈ ನಾಯಿಗೇ ಹಾಕಿದ್ದು ಅನ್ನೋದಕ್ಕೆ ಗುರುತು ಏನು? ಭಾರತ ಅವರ ಸುರಕ್ಷಿತ ದೇಶಗಳ ಪಟ್ಟಿಯಲ್ಲಿ ಇಲ್ಲದ ಕಾರಣ ಇನ್ನೊಂದು ಪರೀಕ್ಷೆಯೂ ಬೇಕು, ಟೈಟರ್ ಟೆಸ್ಟ್. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೆದು, ಒಕ್ಕೂಟ ಒಪ್ಪಿದ ಲ್ಯಾಬ್‌ಗೇ ಕಳಿಸಬೇಕು. ರಕ್ತದಲ್ಲಿ ರೇಬೀಸ್ ವಿರುದ್ಧದ ಶಕ್ತಿ ಮಿಲಿಲೀಟರಿಗೆ 0.5 ಐಯು (ಅದನ್ನು ಅಳೆಯುವ ಅಂತರರಾಷ್ಟ್ರೀಯ ಮಾನ) ಆದರೂ ಇರಬೇಕು. ಪಾಸಾದರೂ ತಕ್ಷಣ ಹೊರಡೋ ಹಾಗಿಲ್ಲ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು.

ನಾನು ಮಾಡಿದ್ದೇನು? ಜನವರಿಯಲ್ಲಿ ಮಾಮೂಲಿ ಹಾಗೆ ಲಸಿಕೆ ಹಾಕಿಸಿದೆ, ಫೆಬ್ರವರಿಯಲ್ಲಿ ಚಿಪ್ ಹಾಕಿಸಿದೆ. ಎರಡೂ ಆಯ್ತಲ್ಲ ಅಂತ ನಿಶ್ಚಿಂತೆಯಾಗಿದ್ದೆ. ಲ್ಯಾಬ್ ಫಾರ್ಮ್ ತುಂಬುವಾಗ ಎರಡು ತಾರೀಕು ಅಕ್ಕಪಕ್ಕ ಬರೆದಾಗಲೇ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಮಾರ್ಚ್‌ನಲ್ಲಿ ಮತ್ತೆ ಲಸಿಕೆ, ಏಪ್ರಿಲ್‌ನಲ್ಲಿ ರಕ್ತ, ಅಲ್ಲಿಂದ ಮೂರು ತಿಂಗಳು ಅಂದರೆ ಜುಲೈ. ನಾನು ಕೆಲಸಕ್ಕೆ ಸೇರಬೇಕಾಗಿದ್ದು ಜೂನ್ ಒಂದನೇ ತಾರೀಕು. ಕೆಂಚನನ್ನು ಅಪ್ಪ ಅಮ್ಮನ ಹತ್ತಿರ ಬಿಟ್ಟು ಹೊರಟೆ.

ಆಮೇಲೆ ಯಾರಾದರೂ ಬರುವವರ ಜೊತೆ ಕಳಿಸಿದರಾಯಿತು ಅಂತ ನನ್ನ ಯೋಚನೆ. ಅದಕ್ಕೂ ಒಂದು ನಿಯಮ ಇದೆ ಅಂತ ಆಗ ಗೊತ್ತಾಯಿತು. ಮಾಲೀಕ ಹೊರಟ ದಿನಕ್ಕೂ ನಾಯಿ ಹೊರಟ ದಿನಕ್ಕೂ ಐದು ದಿನಕ್ಕಿಂತ ಜಾಸ್ತಿ ಅಂತರ ಇದ್ದರೆ ಅದು ಸಾಕುಪ್ರಾಣಿಯ ಪ್ರಯಾಣ ಅಲ್ಲ, ವ್ಯಾಪಾರಕ್ಕೆ ಪ್ರಾಣಿ ಕಳಿಸಿದ ಹಾಗೆ. ಆಗ ಕಾಗದಪತ್ರ ಬೇರೆ, ತಪಾಸಣೆ ಬೇರೆ, ದುಡ್ಡು ಇನ್ನೂ ಜಾಸ್ತಿ. ಹಾಗಾಗಿ ಆಗಸ್ಟ್‌ನಲ್ಲಿ ನಾನೇ ವಾಪಸ್ ಹೋಗಿ ಕರೆದುಕೊಂಡು ಬಂದೆ. ಹೋಗಿಬರುವ ಟಿಕೆಟ್ 62,000 ರೂಪಾಯಿ. ಪುಸ್ತಕದಲ್ಲಿ ಆ ಸಾಲಿನ ಮುಂದೆ 'ಲಸಿಕೆ' ಅಂತಲೇ ಬರೆದಿದ್ದೇನೆ, ಟಿಕೆಟ್ ಅಂತ ಬರೆದಿಲ್ಲ.

ವಿಮಾನದ ವಿಷಯ ಚಿಕ್ಕದಾಗಿ ಹೇಳ್ತೀನಿ. 18 ಕೆಜಿ ನಾಯಿಯನ್ನು ಸೀಟಿನ ಕೆಳಗೆ ಇಟ್ಟುಕೊಳ್ಳೋಕೆ ಬಿಡಲ್ಲ, ಸಾಮಾನು ಇಡುವ ಕೆಳಗಿನ ಹೋಲ್ಡ್‌ನಲ್ಲೇ ಬರಬೇಕು. ಅದರ ಪೆಟ್ಟಿಗೆಯೊಳಗೆ ನಾಯಿ ತಲೆ ತಾಗದ ಹಾಗೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ದೊಡ್ಡ ಪೆಟ್ಟಿಗೆ ಅಂದರೆ ದೊಡ್ಡ ಚಾರ್ಜು. ಏಜೆಂಟ್ ಒಬ್ಬರು ಎಲ್ಲಾ ಸೇರಿ ಎರಡೂವರೆ ಲಕ್ಷ ಕೇಳಿದರು. ನಾನೇ ಓಡಾಡಿ ಮಾಡಿಕೊಂಡಿದ್ದಕ್ಕೆ ನನ್ನ ಟಿಕೆಟ್ ಬಿಟ್ಟು ಒಂದು ಲಕ್ಷದ ಆಸುಪಾಸಿನಲ್ಲಿ ಮುಗಿಯಿತು. ಓಡಾಟ ಅಂದರೆ ಮುಖ್ಯವಾಗಿ ಆರೋಗ್ಯ ಪ್ರಮಾಣಪತ್ರಕ್ಕೆ. ಸರ್ಕಾರಿ ಪಶುವೈದ್ಯಾಧಿಕಾರಿ ಸಹಿ ಹಾಕಿದ ಮೇಲೆ ಹತ್ತು ದಿನದೊಳಗೆ ನಾಯಿ ಒಕ್ಕೂಟದ ನೆಲ ಮುಟ್ಟಬೇಕು. ಬೇಗ ಮಾಡಿಸಿದರೂ ಕಷ್ಟ, ತಡ ಮಾಡಿದರೂ ಕಷ್ಟ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ, ಅಂದರೆ ತಂದದ್ದನ್ನು ಅಧಿಕಾರಿಗೆ ತೋರಿಸಬೇಕಾದವರ ದಾರಿಯಲ್ಲಿ, ಹೋದೆವು. ಅಧಿಕಾರಿ ಸ್ಕ್ಯಾನರ್ ಹಿಡಿದು ಕೆಂಚನ ಕತ್ತಿನ ಮೇಲೆ ಎರಡು ಸಲ ಆಡಿಸಿದರು, ಏನೂ ಬರಲಿಲ್ಲ. ನನ್ನ ಜೀವ ಬಾಯಿಗೆ ಬಂತು. ಮೂರನೇ ಸಲ ಎಡ ಭುಜದ ಹತ್ತಿರ 'ಪೀಂ' ಅಂತು. ಚಿಪ್ ಸ್ವಲ್ಪ ಜಾರಿತ್ತು ಅಷ್ಟೆ. 15 ಅಂಕಿಗಳನ್ನು ಒಂದೊಂದಾಗಿ ಕಾಗದದ ಜೊತೆ ತಾಳೆ ನೋಡಿ, ಏನೂ ಮಾತಾಡದೆ ಮುದ್ರೆ ಒತ್ತಿದರು. ಮುಂದಿನ ರೈಲಿನಲ್ಲಿ ಕೆಂಚನಿಗೂ ಟಿಕೆಟ್, ಬಾಯಿಗೆ ಕುಕ್ಕೆ. ಎತ್ತಿಗೆ ಕಟ್ಟಿದ ಹಾಗೆ ಕಾಣುತ್ತಿದ್ದ ಪಾಪ.

ಯಾರೂ ಖರ್ಚಿನ ಪಟ್ಟಿಯಲ್ಲಿ ಬರೆಯದೇ ಇರೋದು ಮನೆ. ನಾಯಿ ಬೆಕ್ಕು ಸಾಕಲೇಬಾರದು ಅಂತ ಬಾಡಿಗೆ ಕರಾರಿನಲ್ಲಿ ಸಾರಾಸಗಟಾಗಿ ಬರೆದರೆ ಅದು ನಡೆಯೋದಿಲ್ಲ ಅಂತ ಜರ್ಮನಿಯ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಓದಿ ಖುಷಿಯಾಗಿತ್ತು. ಆದರೆ ಕಾನೂನು ಮನೆ ಸಿಕ್ಕ ಮೇಲಿನ ಮಾತು, ಮನೆ ಕೊಡುವಾಗ ಮಾಲೀಕರ ಮುಂದೆ ನೂರಾರು ಅರ್ಜಿ ಇರುತ್ತವೆ. ಅದರಲ್ಲಿ ನಾಯಿ ಇಲ್ಲದವರನ್ನು ಆರಿಸಿಕೊಂಡರೆ ಯಾರನ್ನು ಕೇಳೋದು? ನಾನು 41 ಅರ್ಜಿ ಹಾಕಿದೆ, ಕರೆದು ಮನೆ ತೋರಿಸಿದ್ದು ಇಬ್ಬರು. ಆಫೀಸಿನವರೊಬ್ಬರು ಹೇಳಿಕೊಟ್ಟ ಹಾಗೆ ಕೆಂಚನದೂ ಒಂದು ಬಯೋಡೇಟಾ ಮಾಡಿದ್ದೆ. ಫೋಟೋ, ವಯಸ್ಸು, ತೂಕ, ಸ್ವಭಾವ ಶಾಂತ, ಒಂಟಿಯಾಗಿದ್ದಾಗ ಬೊಗಳುವುದಿಲ್ಲ. ಗೋತ್ರ ಒಂದು ಬಿಟ್ಟು ಮದುವೆಗೆ ಕಳಿಸೋದೆಲ್ಲಾ ಅದರಲ್ಲಿತ್ತು. ಮನೆ ಸಿಗುವವರೆಗೆ ನಾಯಿಯನ್ನು ಇಟ್ಟುಕೊಳ್ಳಲು ಬಿಡುವ ತಾತ್ಕಾಲಿಕ ಫ್ಲಾಟ್‌ನಲ್ಲಿ ಮೂರು ತಿಂಗಳು ಇರಬೇಕಾಯಿತು. ನಾನೊಬ್ಬನೇ ಇದ್ದಿದ್ದರೆ ಹಂಚಿಕೊಂಡ ಮನೆಯ ಒಂದು ರೂಮಿನಲ್ಲಿ ಆಗುತ್ತಿತ್ತು. ವ್ಯತ್ಯಾಸ ತಿಂಗಳಿಗೆ 450 ಯೂರೋ. ಮೂರಕ್ಕೆ ಗುಣಿಸಿ ನೋಡಿ.

ಸರ್ಕಾರಕ್ಕೆ ಕಟ್ಟೋದು ಇದರ ಮುಂದೆ ಏನೂ ಅಲ್ಲ. ನಾಯಿಗೆ ತೆರಿಗೆ ಇದೆ ಅಂದರೆ ಊರಲ್ಲಿ ಎಲ್ಲರೂ ನಗುತ್ತಾರೆ, ಆದರೆ ನಿಜ. ಬರ್ಲಿನ್‌ನಲ್ಲಿ ಒಂದು ನಾಯಿಗೆ ವರ್ಷಕ್ಕೆ 120 ಯೂರೋ, ಅದರ ಮೇಲಿನ ಪ್ರತಿ ನಾಯಿಗೆ 180. ಮ್ಯೂನಿಕ್‌ನಲ್ಲಿ 100, ಕಲೋನ್‌ನಲ್ಲಿ 156. ಒಂದೊಂದು ಊರಿಗೆ ಒಂದೊಂದು ದರ. ಈ ದುಡ್ಡನ್ನು ನಾಯಿಗಳಿಗೇ ಖರ್ಚು ಮಾಡಬೇಕು ಅಂತೇನೂ ಇಲ್ಲ, ಊರಿನ ಬೊಕ್ಕಸಕ್ಕೆ ಹೋಗುತ್ತದೆ. ಬರ್ಲಿನ್‌ನಲ್ಲಿ 2022ರಿಂದ ನಾಯಿಗಳ ದಾಖಲಾತಿ ಅಂತ ಇನ್ನೊಂದಿದೆ, ಆನ್‌ಲೈನ್‌ನಲ್ಲಿ ಒಂದು ಸಲ 17.50 ಯೂರೋ ಕಟ್ಟಿದೆ. ನಾಯಿ ಯಾರಿಗಾದರೂ ನಷ್ಟ ಮಾಡಿದರೆ ಭರಿಸುವ ವಿಮೆ ಕೂಡ ಇಲ್ಲಿ ಕಡ್ಡಾಯ, ಕನಿಷ್ಠ ಹತ್ತು ಲಕ್ಷ ಯೂರೋ ಮೊತ್ತಕ್ಕೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ನನ್ನ ಕಂತು ಮಾತ್ರ ವರ್ಷಕ್ಕೆ 64. ಇನ್ನೊಂದು ಮಾತು. ಪಿಟ್‌ಬುಲ್, ಬುಲ್ ಟೆರಿಯರ್ ತರಹದ ನಾಲ್ಕು ತಳಿಗಳನ್ನು ಜರ್ಮನಿಯೊಳಗೆ ತರೋದಕ್ಕೇ ನಿಷೇಧ ಇದೆ. ಅಂಥದ್ದು ಸಾಕಿದ್ದರೆ ಈ ಲೆಕ್ಕವೆಲ್ಲ ಆಮೇಲೆ, ಮೊದಲು ಅದನ್ನು ವಿಚಾರಿಸಿ.

ಚಳಿಗೆ ಜಾಕೆಟ್ ತಂದೆ, ಅದು ಬೇಕೇ ಬೇಕು, ನಮ್ಮ ನಾಯಿಗಳಿಗೆ ಮೈಮೇಲೆ ಕೂದಲು ಕಮ್ಮಿ. ಶೂ ದಂಡ. ಇಲ್ಲಿ ಫುಟ್‌ಪಾತಿಗೆ ಜನ ಉಪ್ಪು ಹಾಕುವ ಹಾಗಿಲ್ಲ, ಹಿಮ ಬಿದ್ದರೆ ಸಣ್ಣ ಜಲ್ಲಿ ಚೆಲ್ಲುತ್ತಾರೆ. ಅದು ಬೆರಳ ಸಂದಿಗೆ ಸಿಕ್ಕಿಕೊಳ್ಳುತ್ತದೆ ಅಂತ 35 ಯೂರೋ ಕೊಟ್ಟು ನಾಲ್ಕು ಶೂ ತಂದರೆ, ಕೆಂಚ ಬಿಸಿ ಹೆಂಚಿನ ಮೇಲೆ ನಡೆದ ಹಾಗೆ ನಾಲ್ಕು ಹೆಜ್ಜೆ ಇಟ್ಟು ಕೂತುಬಿಟ್ಟ. ಈಗ ಮನೆಗೆ ಬಂದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಪಾದ ಅದ್ದಿ ಒರೆಸುತ್ತೇನೆ.

ಇನ್ನು ಡಾಕ್ಟರು. 2023ರ ಡಿಸೆಂಬರ್ 26, ರಾತ್ರಿ ಎಂಟೂವರೆ. ಇಲ್ಲಿ ಅದು ಕ್ರಿಸ್‌ಮಸ್‌ನ ಎರಡನೇ ರಜೆ. ಆಫೀಸಿನಲ್ಲಿ ಕೊಟ್ಟಿದ್ದ ಷ್ಟೋಲನ್ ಅನ್ನೋ ಒಣಹಣ್ಣಿನ ಬ್ರೆಡ್ಡು ಮೇಜಿನ ಮೇಲಿತ್ತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕವರು ನೆಲದ ಮೇಲೆ, ಕೆಂಚನ ಮೂತಿ ತುಂಬಾ ಸಕ್ಕರೆ ಪುಡಿ. ಬಾಲ ಅಲ್ಲಾಡಿಸುತ್ತಾ ನಿಂತಿದ್ದ. ಒಣದ್ರಾಕ್ಷಿ ನಾಯಿಗೆ ವಿಷ, ಕಿಡ್ನಿ ಕೆಡಬಹುದು, ಎಷ್ಟು ತಿಂದರೆ ಕೆಡುತ್ತೆ ಅಂತ ಹೇಳೋದೂ ಕಷ್ಟ. ಟ್ಯಾಕ್ಸಿ ಹಿಡಿದು ತುರ್ತು ಆಸ್ಪತ್ರೆಗೆ ಓಡಿದೆ. ವಾಂತಿ ಆಗುವ ಇಂಜೆಕ್ಷನ್ ಕೊಟ್ಟರು. ಐದು ನಿಮಿಷಕ್ಕೆ ಎಲ್ಲಾ ಹೊರಗೆ ಬಂತು. ಉಬ್ಬಿದ ದ್ರಾಕ್ಷಿಗಳನ್ನು ನರ್ಸ್ ಚಮಚದಲ್ಲಿ ಆಚೆಈಚೆ ಮಾಡಿ ಎಣಿಸುತ್ತಿದ್ದರು, ನಾನೂ ಪಕ್ಕದಲ್ಲಿ ಕೂತು ಎಣಿಸಿದೆ. 23.

ಬಿಲ್ ನೋಡಿ ಮೋಸ ಅಂದುಕೊಂಡೆ, ಅದು ಮೋಸ ಅಲ್ಲ. ಜರ್ಮನಿಯಲ್ಲಿ ಪಶುವೈದ್ಯರ ಫೀಸಿಗೆ ಸರ್ಕಾರದ್ದೇ ದರಪಟ್ಟಿ ಇದೆ, 2022ರ ನವೆಂಬರ್‌ನಲ್ಲಿ ಅದನ್ನು ಏರಿಸಿದರು. ನಾಯಿಯನ್ನು ಒಂದು ಸಲ ನೋಡಿ ಸಲಹೆ ಕೊಡೋದಕ್ಕೆ 23.62 ಯೂರೋ. ಕಷ್ಟ ನೋಡಿಕೊಂಡು ಮೂರು ಪಟ್ಟಿನವರೆಗೂ ಹಾಕಬಹುದು. ರಾತ್ರಿ, ವಾರಾಂತ್ಯ, ಹಬ್ಬದ ದಿನದ ತುರ್ತು ಸೇವೆಗೆ ಎರಡು ಪಟ್ಟಿಗಿಂತ ಕಮ್ಮಿ ಹಾಕುವ ಹಾಗೇ ಇಲ್ಲ, ನಾಲ್ಕು ಪಟ್ಟಿನವರೆಗೂ ಹೋಗಬಹುದು, ಮೇಲೆ 50 ಯೂರೋ ತುರ್ತು ಶುಲ್ಕ, ಎಲ್ಲದರ ಮೇಲೆ 19 ಪರ್ಸೆಂಟ್ ತೆರಿಗೆ. ಅಂದರೆ ಸುಮ್ನೆ ಕರೆದುಕೊಂಡು ಹೋಗಿ ತೋರಿಸಿದರೇ 115 ಯೂರೋ 72 ಸೆಂಟ್, ಅದೂ ಕಮ್ಮಿ ಅಂದರೆ. ಇಂಜೆಕ್ಷನ್, ರಕ್ತ ಪರೀಕ್ಷೆ, ಔಷಧಿ ಸೇರಿ 342 ಆಯಿತು. ನನ್ನ ಹತ್ತಿರ ತಿಂಗಳಿಗೆ 24 ಯೂರೋ ಕಟ್ಟುವ ನಾಯಿ ವಿಮೆ ಇತ್ತು. ಅದು ಆಪರೇಷನ್‌ಗೆ ಮಾತ್ರ. ವಾಂತಿ ಮಾಡಿಸಿದ್ದು ಆಪರೇಷನ್ ಅಲ್ಲವಂತೆ. ಎಲ್ಲಾ ಚಿಕಿತ್ಸೆಗೂ ಬರುವ ವಿಮೆ ಇದೆ, ಕಂತು ಅದರ ಮೂರ್ನಾಲ್ಕು ಪಟ್ಟು. ನಾನು ಅದಕ್ಕೆ ಬದಲಾಯಿಸಲಿಲ್ಲ, ಬೇರೆ ಖಾತೆಯಲ್ಲಿ ತಿಂಗಳಿಗೆ 40 ಯೂರೋ ಎತ್ತಿಡುತ್ತೇನೆ. ಸಣ್ಣ ನಾಯಿಮರಿ ಆಗಿದ್ದರೆ ಬಹುಶಃ ಪೂರ್ತಿ ವಿಮೆಯನ್ನೇ ತೆಗೆದುಕೊಳ್ಳುತ್ತಿದ್ದೆ.

2024ರ ಕೊನೆಯಲ್ಲಿ ಇಡೀ ವರ್ಷದ್ದು ಕೂಡಿಸಿದೆ. ತೆರಿಗೆ, ಎರಡು ವಿಮೆ, 15 ಕೆಜಿಯ ಏಳು ಚೀಲ ಫುಡ್ಡು, ಮಾಮೂಲಿ ಲಸಿಕೆ, ಹುಳದ ಮಾತ್ರೆ, ಉಣ್ಣಿಗೆ ಔಷಧಿ, ಎಲ್ಲಾ ಸೇರಿ 1,090 ಯೂರೋ. ಇಷ್ಟೇನಾ ಅನ್ನಿಸಿತು. ಆದರೆ ಇನ್ನೊಂದು ಪುಟ ಇತ್ತು. ವಾರಕ್ಕೆ ಎರಡು ದಿನ ನಾನು ಆಫೀಸಿಗೆ ಹೋಗಲೇಬೇಕು, ಮಧ್ಯಾಹ್ನ ಬಂದು ಕೆಂಚನನ್ನು ಸುತ್ತಾಡಿಸಲು ಒಬ್ಬರಿಗೆ ಸಲಕ್ಕೆ 18 ಯೂರೋ. ಆ ವರ್ಷ 44 ವಾರಕ್ಕೆ 1,584. ನಾನು ಊರಿಗೆ ಹೋದ 26 ದಿನ ಅವನನ್ನು ಇಟ್ಟುಕೊಂಡವರಿಗೆ ದಿನಕ್ಕೆ 32ರಂತೆ 832. ಒಟ್ಟು 2,416. ತಿಂದಿದ್ದು, ಔಷಧಿ, ತೆರಿಗೆ ಎಲ್ಲಾ ಸೇರಿದ್ದರ ಎರಡು ಪಟ್ಟಿಗಿಂತ ಜಾಸ್ತಿ, ಬರೀ 'ಸ್ವಲ್ಪ ನೋಡ್ಕೊಳ್ಳಿ' ಅನ್ನೋದಕ್ಕೆ.

ಊರಲ್ಲಿ ಈ ಸಾಲೇ ಇರಲಿಲ್ಲ. ಅಮ್ಮ ಮನೆಯಲ್ಲಿರುತ್ತಿದ್ದರು, ಅಪ್ಪ ಹಾಲಿಗೆ ಹೋಗುವಾಗ ಅವನೂ ಹೋಗುತ್ತಿದ್ದ, ಎಲ್ಲರೂ ಮದುವೆಗೆ ಹೋದರೆ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಅನ್ನದ ತಟ್ಟೆ ಇಳಿಸುತ್ತಿದ್ದರು. ಅದಕ್ಕೆಲ್ಲ ಯಾರೂ ಬೆಲೆ ಕಟ್ಟಿರಲಿಲ್ಲ, ಹಾಗಾಗಿ ಹೊರಡುವಾಗ ನನ್ನ ಲೆಕ್ಕಕ್ಕೂ ಬರಲಿಲ್ಲ. ಈಗ ಯಾರಾದರೂ ನಾಯಿ ಜೊತೆ ಬರ್ತೀನಿ ಅಂತ ಕೇಳಿದರೆ ನಾನು ಮೊದಲು ಕೇಳೋದು ವಿಮಾನದ ವಿಷಯ ಅಲ್ಲ. ವಾರದಲ್ಲಿ ಎಷ್ಟು ದಿನ ಆಫೀಸು, ವರ್ಷಕ್ಕೆ ಎಷ್ಟು ಸಲ ಊರಿಗೆ, ಇದೆರಡು ಹೇಳಿ ಅಂತೀನಿ.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮೊದಲ ವರ್ಷ ನಮಸ್ಕಾರಕ್ಕಿಂತ ಜಾಸ್ತಿ ಮಾತಿರಲಿಲ್ಲ. ಒಂದಿನ ಮೆಟ್ಟಿಲ ಹತ್ತಿರ ಅವರ ನೀರಿನ ಬಾಟಲಿಗಳ ಕ್ರೇಟ್ ಎತ್ತಿಕೊಟ್ಟೆ. ನಿಮ್ಮ ನಾಯಿಗೆ ಯಾಕೆ ಚಿಕ್ಕ ಹಗ್ಗ ಕಟ್ಟಿದ್ದೀರಿ ಅಂತ ಕೇಳಿದರು. ಮೆಟ್ಟಿಲ ಮೇಲೆ ಒಂದು ಮೀಟರಿಗಿಂತ ಉದ್ದ ಇರಬಾರದು ಅಂತ ನಿಮ್ಮ ಊರಿನ ಕಾನೂನೇ ಹೇಳುತ್ತಲ್ಲ ಅಂದೆ. ನಕ್ಕುಬಿಟ್ಟರು. ಮೂವತ್ತು ವರ್ಷ ನಾಯಿ ಸಾಕಿದವರಂತೆ, ಈಗ ಮಂಡಿ ನೋವು ಅಂತ ಬಿಟ್ಟಿದ್ದಾರೆ. ಈಗ ಮಂಗಳವಾರ ಕೆಂಚ ಅವರ ಮನೆಯಲ್ಲಿ. ಹಿಂದಿನ ಅಂಗಳಕ್ಕೆ ಬಿಡುತ್ತಾರೆ, ಅಷ್ಟೇ ಸಾಕು. ನಾನು ಅವರ ಭಾರದ ಸಾಮಾನೆಲ್ಲ ತಂದುಕೊಡುತ್ತೇನೆ. ಗುರುವಾರಕ್ಕೆ ಮಾತ್ರ 18 ಯೂರೋ ನಡೆಯುತ್ತಿದೆ.

ಈ ಸಲ ಊರಿಗೆ ಹೊರಟಾಗಲೂ ನಾನೇ ಇಟ್ಟುಕೊಳ್ತೀನಿ ಅಂದರು. ಫುಡ್ಡಿನ ಚೀಲ, ಕೆಂಚನ ಚಾಪೆ, ತುರ್ತು ಆಸ್ಪತ್ರೆಯ ನಂಬರು ಎಲ್ಲಾ ಕೊಟ್ಟು, ಒಂದು ಕವರಿನಲ್ಲಿ 200 ಯೂರೋ ಇಟ್ಟೆ. ಮುಖ ಗಂಟು ಹಾಕಿ ಕವರು ವಾಪಸ್ ತಳ್ಳಿದರು. ನಿಮಗಲ್ಲ, ಡಾಕ್ಟರಿಗೆ ಅಂದೆ. ಕನ್ನಡಕ ಹಾಕಿಕೊಂಡು ನೋಟು ಎಣಿಸಿ, ಕವರಿನ ಮೇಲೆ 'ಡಾಕ್ಟರ್' ಅಂತ ಬರೆದು ಫ್ರಿಜ್ ಮೇಲೆ ಇಟ್ಟರು.