ಕಲಬುರಗಿಯ ಪಿನ್ ಕೋಡ್ ಒಡೆದು ನೋಡಿದಾಗ

ಯಾವ ದೊಡ್ಡ ಸಂಖ್ಯೆ ಸಿಕ್ಕರೂ ನಾನು ಮೊದಲು ಅದನ್ನು ಅವಿಭಾಜ್ಯಗಳಾಗಿ ಒಡೆಯುತ್ತೇನೆ. ಅದೊಂದು ಆದರೆ ಉಳಿದ ಗುಣಗಳು ತಾವಾಗಿಯೇ ಹೊರಬೀಳುತ್ತವೆ. ನಮ್ಮ ಕಲಬುರಗಿಯ ಪಿನ್ ಕೋಡ್ 585101 ಇದೆಯಲ್ಲ, ಅದರ ಮೇಲೆ ಕೂತು ಮಾಡಿದ ಲೆಕ್ಕ ಇದು.

ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಹೋಗುವುದಿಲ್ಲ. ಅಂಕಿಗಳ ಮೊತ್ತ 20, ಅಂದರೆ 3 ಇಲ್ಲ. 7ರಿಂದ ಭಾಗಿಸಿದರೆ 6 ಉಳಿಯುತ್ತದೆ. 11ಕ್ಕೆ ಒಂದು ಬಿಟ್ಟು ಒಂದು ಅಂಕಿ ಕೂಡಿಸಿದೆ: 5+5+0 ಹತ್ತು, 8+1+1 ಕೂಡ ಹತ್ತು. ವ್ಯತ್ಯಾಸ ಸೊನ್ನೆ, 11 ಸಿಕ್ಕಿತು! ಉಳಿದದ್ದು 53191. ಮುಂದೆ ಸುಲಭ ದಾರಿ ಇಲ್ಲ, 13, 17, 19 ಅಂತ ಒಂದೊಂದನ್ನೇ ಭಾಗಿಸುತ್ತಾ ಹೋಗಬೇಕು, 43ಕ್ಕೆ ಬಂದಾಗ ಸರಿಯಾಗಿ 1237 ಬಂತು. ಈ 1237 ಇನ್ನೂ ಒಡೆಯುತ್ತದೆಯೇ ಅಂತ ತಿಳಿಯಲು 31ರವರೆಗೆ ನೋಡಿದರೆ ಸಾಕು, ಯಾಕಂದ್ರೆ ಮುಂದಿನ ಅವಿಭಾಜ್ಯ 37ರ ವರ್ಗವೇ 1369, ಅದು 1237ನ್ನು ದಾಟುತ್ತದೆ. ಯಾವುದೂ ಹೋಗಲಿಲ್ಲ, 1237 ಅವಿಭಾಜ್ಯ.

585101 = 11 × 43 × 1237. ಹೀಗೆ ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧಕ್ಕೆ ಸ್ಫೆನಿಕ್ ಸಂಖ್ಯೆ ಅನ್ನುತ್ತಾರೆ. ಭಾಜಕಗಳು ಎಂಟು. ತನ್ನನ್ನು ಬಿಟ್ಟು ಉಳಿದ ಏಳನ್ನು ಕೂಡಿಸಿದರೆ ಬರೀ 68563. ಸಂಖ್ಯೆಗಿಂತ ತುಂಬಾ ಕಡಿಮೆ, ಹಾಗಾಗಿ ಇದು ಡಿಫಿಷಿಯಂಟ್. ಪಕ್ಕದ 585102 ಪೂರ್ತಿ ಉಲ್ಟಾ. ಅದು 6ರ ಗುಣಕ, ಅದರ ಅರ್ಧ, ಮೂರನೇ ಒಂದು ಭಾಗ, ಆರನೇ ಒಂದು ಭಾಗ ಕೂಡಿಸಿದರೇ ಸಂಖ್ಯೆಯಷ್ಟಾಗುತ್ತದೆ, ಮೇಲೆ 1 ಬೇರೆ ಇದೆ. ಪೂರ್ತಿ ಒಡೆಯದೆಯೇ ಅಬಂಡಂಟ್ ಅಂತ ಹೇಳಬಹುದು.

ನನಗೆ ಜಾಸ್ತಿ ಇಷ್ಟವಾದದ್ದು ಎರಡು ವರ್ಗಗಳ ಪ್ರಶ್ನೆ. 585101 ಅನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ. 11 ಮತ್ತು 43 ಎರಡನ್ನೂ 4ರಿಂದ ಭಾಗಿಸಿದರೆ 3 ಉಳಿಯುತ್ತದೆ, ಅಂಥ ಅವಿಭಾಜ್ಯ ಬೆಸ ಸಲ ಬಂದರೆ ದಾರಿ ಮುಚ್ಚಿದಂತೆ. 1237 ಮಾತ್ರ ಒಂಟಿಯಾಗಿ 34² + 9² ಆಗುತ್ತದೆ.

ಆಮೇಲೆ ಬೀದರ್‌ನ 585401 ತಗೊಂಡೆ. ಇದು ಬೇಗ ಬಗ್ಗುವುದಿಲ್ಲ, 137ರವರೆಗೆ ಏನೂ ಸಿಗುವುದಿಲ್ಲ. ಕೊನೆಗೆ 137 × 4273, ಎರಡೂ ಅವಿಭಾಜ್ಯ, ಎರಡನ್ನೂ 4ರಿಂದ ಭಾಗಿಸಿದರೆ ಉಳಿಯುವುದು 1. 137 ಅಂದರೆ 11² + 4², 4273 ಅಂದರೆ 57² + 32². ಇವನ್ನು ಗುಣಿಸಿ ಮತ್ತೆ ಎರಡು ವರ್ಗಗಳ ಮೊತ್ತ ಮಾಡುವ ಸೂತ್ರ 7ನೇ ಶತಮಾನದ ಗಣಿತಜ್ಞ ಬ್ರಹ್ಮಗುಪ್ತನಲ್ಲಿದೆ. ಅದನ್ನು ಹಾಕಿದರೆ 499² + 580² ಬಂತು, ಚಿಹ್ನೆ ಬದಲಿಸಿದರೆ 755² + 124². ಯಾವ ಜೋಡಿಯನ್ನು ಕೂಡಿಸಿ ನೋಡಿದರೂ 585401 ಬರುತ್ತದೆ. ಎಂಥ ಚಂದ ಅಲ್ವಾ!

ನಮ್ಮ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ಹೂಹಾರದಂಥ, ಅಂದರೆ ಯಾವ ಕಡೆಯಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಬರೆದಿಟ್ಟಿದ್ದಾನೆ, 152207 × 73 = 11111111 ಅದರಲ್ಲೊಂದು. ಆ 152207 ಅನ್ನೂ ಒಡೆದೆ: 11 × 101 × 137. ಅದೂ ಸ್ಫೆನಿಕ್. ಕಲಬುರಗಿಯ 11, ಬೀದರ್‌ನ 137 ಎರಡೂ ಅದರೊಳಗೇ ಇವೆ. ಕಾಕತಾಳೀಯ ನಿಜ, ಆದರೂ ಆ ದಿನ ಪೂರ್ತಿ ನನಗೆ ಅದೇ ಖುಷಿ.

ಸೇಡಂನ 585222ಕ್ಕೆ ಪೆನ್ನೇ ಬೇಕಿಲ್ಲ. ಸಮಸಂಖ್ಯೆ, ಅಂಕಿಗಳ ಮೊತ್ತ 24, ಹಾಗಾಗಿ 6 ಹೋಗುತ್ತದೆ, ಅಬಂಡಂಟ್. 3 ಹೋಗುತ್ತದೆ, 9 ಹೋಗುವುದಿಲ್ಲ, ಅಂದರೆ 3 ಒಂದೇ ಸಲ ಬರುತ್ತದೆ; ಅದೂ 4ರಿಂದ ಭಾಗಿಸಿದರೆ 3 ಉಳಿಯುವ ಅವಿಭಾಜ್ಯ, ಹಾಗಾಗಿ ಎರಡು ವರ್ಗಗಳ ಮೊತ್ತವೂ ಅಲ್ಲ. 765ರ ವರ್ಗಕ್ಕೆ ಮೂರೇ ಕಡಿಮೆ.