ಒಂದರೊಳಗೊಂದು ಹುದುಗಿದ ಟ್ಯಾಗುಗಳನ್ನು ಪರ್ಲ್‌ನಲ್ಲಿ ಬಿಡಿಸಿದ ನನ್ನ ಅನುಭವ

ಪಠ್ಯದ ರಚನೆಯನ್ನು ಬಿಡಿಸಿ ಓದುವ ಪೂರ್ಣ ಪಾರ್ಸರ್ ಇಲ್ಲದೆ, ಒಂದರೊಳಗೊಂದು ಹುದುಗಿರುವ ಟ್ಯಾಗುಗಳನ್ನು (ಪಠ್ಯದ ಒಂದು ಭಾಗ ಎಲ್ಲಿ ಶುರು, ಎಲ್ಲಿ ಕೊನೆ ಎಂದು ತೋರಿಸುವ, ಕೋನಾವರಣದೊಳಗಿನ ಗುರುತುಗಳನ್ನು) ಪರ್ಲ್ ಭಾಷೆಯ ಬರಿಯ ಸ್ಕ್ರಿಪ್ಟಿನಿಂದ ಬಿಡಿಸಲಾಗದು ಎಂದು ಜೊತೆಯವರೆಲ್ಲ ಕೆಲಸ ಶುರುವಾಗುವ ಮುನ್ನವೇ ತೀರ್ಪು ಕೊಟ್ಟಿದ್ದರು. ಸಂಭಾವನೆಗೆ ಒಪ್ಪಿಕೊಂಡ ಆ ಕೆಲಸದ ಕನ್ನಡ ಕಡತಗಳು ಒಟ್ಟು 300 ಎಂಬಿಯಷ್ಟಿದ್ದವು. ಟ್ಯಾಗುಗಳು ನೋಡಲು, ತೆರೆದ ಟ್ಯಾಗನ್ನೆಲ್ಲ ಮುಚ್ಚಲೇಬೇಕೆನ್ನುವ ಎಕ್ಸ್‌ಎಂಎಲ್‌ನಂತಿದ್ದರೂ ಎಷ್ಟೋ ಕಡೆ ಮುಚ್ಚುವ ಟ್ಯಾಗೇ ಇರಲಿಲ್ಲವಾದ್ದರಿಂದ, ಅವರು ಹೇಳುತ್ತಿದ್ದ ಪಾರ್ಸರುಗಳು ಮೊದಲ ದೋಷ ಕಂಡೊಡನೆ ಕೈಚೆಲ್ಲುತ್ತಿದ್ದವು. ಇಂಥ ಕಡತಗಳನ್ನು ಸರಿಪಡಿಸುವ ಒಂದು ತಂತ್ರಾಂಶದ ಪರವಾನಗಿ ಕೊಂಡಿದ್ದರೆ ನನ್ನ ಒಟ್ಟು ಸಂಭಾವನೆಯ ಮೂರನೆಯ ಒಂದು ಪಾಲು ಅದಕ್ಕೇ ಹೋಗುತ್ತಿತ್ತು.

ಮೊದಲು ಹಿಡಿದದ್ದು, ಟ್ಯಾಗಿನ ಜೋಡಿಯನ್ನು ಒಳಗಿನ ಪಠ್ಯದೊಡನೆ ಹೆಕ್ಕಿಕೊಡುವ ಫಂಕ್ಷನ್ನಾದ, ಪರ್ಲ್‌ನ ಟೆಕ್ಸ್ಟ್::ಬ್ಯಾಲೆನ್ಸ್ಡ್ ಮಾಡ್ಯೂಲಿನ (ಸಿದ್ಧ ಕೋಡಿನ ಕಟ್ಟಿನ) ಎಕ್ಸ್‌ಟ್ರ್ಯಾಕ್ಟ್_ಟ್ಯಾಗ್ಡ್. ಟ್ಯಾಗಿಗೆ ಮುನ್ನ ಏನೇನು ದಾಟಬೇಕೆಂಬ ಪ್ಯಾಟರ್ನನ್ನು ನಾವೇ ಕೊಡದಿದ್ದರೆ ಅದು ಖಾಲಿ ಜಾಗವನ್ನಷ್ಟೇ ದಾಟುತ್ತದೆ ಎಂಬುದನ್ನು ಬಳಸಿದವರೆಲ್ಲ ಬಲ್ಲರು. ಅದಕ್ಕಿಂತ ದೊಡ್ಡ ತೊಡಕೆಂದರೆ, ಲಿಸ್ಟ್ ಸಂದರ್ಭದಲ್ಲಿ (ಹಲವು ಉತ್ತರಗಳನ್ನು ಒಟ್ಟಿಗೆ ಕೇಳಿ) ಕರೆದಾಗಲೆಲ್ಲ ಅದು ಉಳಿದ ಪಠ್ಯವನ್ನೂ ಹಿಂತಿರುಗಿಸುತ್ತದೆ. 20 ಎಂಬಿ ಕಡತದಲ್ಲಿ ಪ್ರತಿ ಟ್ಯಾಗಿಗೂ ಅಷ್ಟು ಪಠ್ಯ ನಕಲಾಗುತ್ತಾ ಹೋಗಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದಿದ್ದ ಸರ್ವರ್ ರಾತ್ರಿಯಿಡೀ ಓಡಿಯೂ ಮುಗಿಸಲಿಲ್ಲ. ಮುಂಗಡದ ಬಹುಪಾಲು ಆ ಬಿಲ್ಲಿಗೇ ಹೋಯಿತು. ಆದರೂ ಮುಚ್ಚದ ಟ್ಯಾಗನ್ನು ಖಾಲಿ ಸಾಲಿನವರೆಗೆ ಮಾತ್ರ ಹಿಡಿಯುವ ಅದರ 'ಪ್ಯಾರಾ' ಆಯ್ಕೆ ಸೊಗಸಾದದ್ದು. ಆ ಯೋಚನೆಯನ್ನು ನಾನು ಉಳಿಸಿಕೊಂಡೆ.

ಆಮೇಲೆ ಪರ್ಲ್ 5.10ರಿಂದ, ಅಂದರೆ 2007ರಿಂದ, ದೊರೆಯುತ್ತಿರುವ ಪುನರಾವರ್ತಕ ರೆಗೆಕ್ಸನ್ನು (ತನ್ನೊಳಗೆ ತನ್ನನ್ನೇ ಕರೆದುಕೊಳ್ಳಬಲ್ಲ ಹುಡುಕಾಟದ ಪ್ಯಾಟರ್ನನ್ನು) ಪ್ರಯತ್ನಿಸಿದೆ. ಟ್ಯಾಗುಗಳೆಲ್ಲ ಸರಿಯಾಗಿ ಮುಚ್ಚಿದ್ದಲ್ಲಿ ಅದರ ಚೆಲುವೇ ಬೇರೆ. ಮುಚ್ಚದಿದ್ದಲ್ಲಿ ಹಿಂದೆ ಹಿಂದೆ ಸರಿದು ಹುಡುಕುತ್ತಾ ಕುಳಿತುಬಿಡುತ್ತದೆ. ಹಾಗೆ ಹಿಂದೆ ಸರಿಯಗೊಡದ ಪೊಸೆಸಿವ್ ಕ್ವಾಂಟಿಫೈಯರ್ ಹಾಕಿದಾಗ ವೇಗವೇನೋ ಬಂತು, ಆದರೆ ತಪ್ಪಿರುವುದು ಎಲ್ಲಿ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಕೊನೆಗೆ ಗೆದ್ದದ್ದು, ಹುಡುಕಾಟವನ್ನು ನಿಂತಲ್ಲಿಂದಲೇ ಮುಂದುವರಿಸುವ ಬ್ಯಾಕ್‌ಸ್ಲ್ಯಾಷ್-ಜಿ ಮತ್ತು ಜಿಸಿ ಫ್ಲ್ಯಾಗುಗಳೊಡನೆ ಪಠ್ಯವನ್ನು ಒಂದೇ ಸಲ ಓದುತ್ತಾ, ಸ್ಟ್ಯಾಕಿನಲ್ಲಿ (ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ಪಟ್ಟಿಯಲ್ಲಿ) ಟ್ಯಾಗಿನ ಹೆಸರು ಮತ್ತು ಅದರ ಆರಂಭದ ಸ್ಥಾನವನ್ನಷ್ಟೇ ಇಡುವ ವಿಧಾನ. ಪಠ್ಯವನ್ನು ಎಲ್ಲಿಯೂ ನಕಲು ಮಾಡದೆ, ಮುಚ್ಚುವ ಟ್ಯಾಗು ಸಿಕ್ಕಾಗ ಸ್ಥಾನಗಳ ಆಧಾರದಿಂದ ಒಮ್ಮೆ ಮಾತ್ರ ಕತ್ತರಿಸುತ್ತೇನೆ. ಮುಚ್ಚುವ ಟ್ಯಾಗು ಸ್ಟ್ಯಾಕಿನ ತುದಿಗೆ ಹೊಂದದಿದ್ದರೆ ಕೆಳಕ್ಕೆ ಹುಡುಕುತ್ತೇನೆ. ಅದೇ ಹೆಸರು ಸಿಕ್ಕರೆ ನಡುವಿನವೆಲ್ಲ ಅನಾಥವೆಂದು ತಿಳಿಯುತ್ತೇನೆ, ಸಿಗದಿದ್ದರೆ ಆ ಟ್ಯಾಗನ್ನು ದೋಷಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತೇನೆ. ಅನಾಥ ಟ್ಯಾಗು ಎಲ್ಲಿ ಮುಗಿಯಿತೆಂದು ಎಣಿಸಬೇಕು ಎಂಬುದಕ್ಕೆ ಖಾಲಿ ಸಾಲಿನ ಜೊತೆಗೆ ಇನ್ನೆರಡು ನಿಯಮಗಳಿವೆ. ಅವು ನನ್ನ ಹೊಟ್ಟೆಪಾಡಿನ ಗುಟ್ಟಾದ್ದರಿಂದ ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಹೇಳಬಹುದಾದ ಒಂದು ಉಪಾಯವಿದೆ. ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8 ಎಂಬ ಅಕ್ಷರಗಳನ್ನು ಬೈಟುಗಳಾಗಿ ಇಡುವ ಕ್ರಮದಲ್ಲಿ 3 ಬೈಟುಗಳನ್ನು ಹಿಡಿಯುವುದರಿಂದ, ಡಿಕೋಡ್ ಮಾಡಿದ, ಅಂದರೆ ಬೈಟುಗಳನ್ನು ಅಕ್ಷರಗಳಾಗಿ ಬಿಡಿಸಿದ, ದೊಡ್ಡ ಪಠ್ಯದಲ್ಲಿ ಸ್ಥಾನ ಹುಡುಕುವುದೇ ಪರ್ಲ್‌ಗೆ ಭಾರವಾಗುತ್ತದೆ. ಕೋನಾವರಣದ ಬೈಟು ಬೇರೆ ಯಾವ ಅಕ್ಷರದ ನಡುವೆಯೂ ಬರಲಾರದು. ಆದ್ದರಿಂದ ಇಡೀ ಹುಡುಕಾಟವನ್ನು ಬೈಟುಗಳ ಮೇಲೆಯೇ ನಡೆಸಿ, ಕತ್ತರಿಸಿದ ತುಂಡುಗಳನ್ನು ಮಾತ್ರ ಡಿಕೋಡ್ ಮಾಡಿದೆ. ಟ್ಯಾಗಿನ ಹೆಸರಿಗೆ, ಅಕ್ಷರ-ಅಂಕಿಗಳಿಗೆ ಹೊಂದುವ ಬ್ಯಾಕ್‌ಸ್ಲ್ಯಾಷ್-ಡಬ್ಲ್ಯು ಬಳಸದೆ, ಆವರಣ, ಸ್ಲ್ಯಾಷ್ ಮತ್ತು ಖಾಲಿ ಜಾಗಗಳನ್ನು ಬಿಟ್ಟು ಉಳಿದದ್ದೆಲ್ಲ ಹೆಸರು ಎಂದು ಬರೆದುಕೊಂಡರೆ ಸಾಕು. ಕುತೂಹಲಕ್ಕೆಂದು, ಬ್ಯಾಕ್‌ಸ್ಲ್ಯಾಷ್-ಡಬ್ಲ್ಯು ಇಟ್ಟುಕೊಂಡೇ, ಇದನ್ನು ಇನ್ನೊಂದು ಭಾಷೆಯಾದ ಪೈಥಾನ್‌ನಲ್ಲಿ ಡಿಕೋಡ್ ಆದ ಪಠ್ಯದ ಮೇಲೆ ಬರೆದು ನೋಡಿದಾಗ, ಅದರ 'ಆರ್‌ಇ' ಮಾಡ್ಯೂಲಿನ ಬ್ಯಾಕ್‌ಸ್ಲ್ಯಾಷ್-ಡಬ್ಲ್ಯು ಸ್ವರಚಿಹ್ನೆಗಳನ್ನು ಅಕ್ಷರವೆಂದೇ ಎಣಿಸದೆ, 'ಟಿಪ್ಪಣಿ' ಎಂಬ ಟ್ಯಾಗಿನ ಹೆಸರನ್ನು ನಡುವೆಯೇ ತುಂಡರಿಸಿತು. ಡಿಕೋಡ್ ಆದ ಪಠ್ಯದಲ್ಲಿ ಪರ್ಲ್‌ಗೆ ಆ ತೊಂದರೆಯಿಲ್ಲ.

ಕಡತದೊಳಗಿನ ಕಾಮೆಂಟುಗಳನ್ನು (ಓದುವವರಿಗೆಂದು ಬರೆದಿಟ್ಟ, ಪಠ್ಯಕ್ಕೆ ಸೇರದ ಮಾತುಗಳನ್ನು) ಟ್ಯಾಗುಗಳಿಗಿಂತ ಮೊದಲೇ ಹೊಂದಿಸಿ ದಾಟಿಬಿಡಬೇಕು, ಇಲ್ಲವಾದರೆ ಅವುಗಳೊಳಗಿನ ಟ್ಯಾಗುಗಳು ಸ್ಟ್ಯಾಕಿಗೆ ನುಗ್ಗುತ್ತವೆ. ಇಷ್ಟಾದ ಮೇಲೆ ಎಲ್ಲ ಕಡತಗಳೂ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿಯೇ, ನೆನಪಿರುವಂತೆ, ನಾಲ್ಕೈದು ನಿಮಿಷಗಳಲ್ಲಿ ಮುಗಿದವು, ಸರ್ವರಿನ ಮಾತೇ ಬರಲಿಲ್ಲ. ದೋಷಪಟ್ಟಿಯನ್ನು ಸಾಲುಸಂಖ್ಯೆಗಳೊಡನೆ ಅಚ್ಚುಕಟ್ಟಾಗಿ ಜೋಡಿಸಿ ಕೊಟ್ಟಾಗ ಕೆಲಸ ವಹಿಸಿದವರು ಅದಕ್ಕೆಂದೇ ಬೇರೆ ಹಣ ಕೊಟ್ಟರು. ಸರ್ವರಿನ ಬಿಲ್ಲು ಅದರಲ್ಲಿ ತೀರಿ, ಸ್ವಲ್ಪ ಮಿಕ್ಕಿತು ಕೂಡ.