ಪೆಲೆಟ್ ತೂಕ ಬದಲಾಯ್ತಾ? ಪವರ್ ವೀಲ್ ಕೂಡ ನೋಡಿ

ಪಿಸಿಪಿ ಏರ್ ರೈಫಲ್ (ಮೊದಲೇ ಒತ್ತಡದ ಗಾಳಿ ತುಂಬಿಸಿಡೋ ಬಂದೂಕು) ಇರೋರಿಗೆ ಒಂದು ಮಾತು. 8.4 ಗ್ರೇನ್ (ಪೆಲೆಟ್ ತೂಕದ ಅಳತೆ) ಪೆಲೆಟ್‌ಗೆ ಕೂರಿಸಿದ ಸೆಟ್ಟಿಂಗ್‌ನಲ್ಲೇ 10.3 ಗ್ರೇನ್ ಹಾಕಿದರೆ ವೇಗ ಇಳಿಯುತ್ತೆ, ಏಟು ಗುರಿಗಿಂತ ಕೆಳಗೆ ಬೀಳುತ್ತೆ. ಹಾಗಂತ ಹೊಡೆತದ ಬಲ ಹೆಚ್ಚುಕಡಿಮೆ ಮಾಡೋ ಪವರ್ ವೀಲನ್ನು ಕೊನೇವರೆಗೂ ತಿರುಗಿಸಬೇಡಿ. ಆಮೇಲೆ ಮರೆತು ಹಗುರ ಪೆಲೆಟ್ ಹಾಕಿದರೆ ಅದು ಶಬ್ದದ ವೇಗದ ಹತ್ತಿರ ಹೋಗಿ ತೂರಾಡುತ್ತೆ. ನಾನಂತೂ ಸೆಕೆಂಡಿಗೆ 900 ಅಡಿ ದಾಟಿಸಲ್ಲ.

ಒಂದೊಂದೇ ಕ್ಲಿಕ್ ಏರಿಸಿ, ಪ್ರತಿ ಸಲ ಕ್ರೋನೋಗ್ರಾಫ್‌ನಲ್ಲಿ (ಪೆಲೆಟ್ ವೇಗ ಅಳೆಯೋ ಸಾಧನ) ಐದು ಹೊಡೆತದ ವೇಗ ಬರೆದುಕೊಳ್ಳಿ. ಸರಾಸರಿ ನೋಡಿ ಖುಷಿಪಡಬೇಡಿ. 862, 865, 861 ಹೀಗೆ ಅಂಕಿಗಳು ಒತ್ತೊತ್ತಾಗಿ ಬಂದ ಕ್ಲಿಕ್ಕೇ ಸರಿಯಾದದ್ದು. ರೆಗ್ಯುಲೇಟರ್ (ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಕೊಡೋ ಭಾಗ) ಇಲ್ಲದಿದ್ದರೆ ಪ್ರತಿ ಸಲವೂ ಒಂದೇ ಒತ್ತಡಕ್ಕೆ ಗಾಳಿ ತುಂಬಿಸಿ, ಇಲ್ಲಾಂದ್ರೆ ಹೋಲಿಕೆಗೆ ಅರ್ಥವಿಲ್ಲ. ಕೊನೆಗೆ ಸ್ಕೋಪ್ ಮತ್ತೆ ಜೀರೋ ಮಾಡಿ, ಅಂದ್ರೆ ಗುರಿಯಿಟ್ಟ ಜಾಗಕ್ಕೇ ಏಟು ಬೀಳೋ ಹಾಗೆ ಹೊಂದಿಸಿ.